ಗಡಿಯೇ ನನ್ನನ್ನು ದಾಟಿತು ಸ್ವಾಮಿ!

ತಟ್ಟೆಯಂಥ ಡಿಸ್ಕನ್ನು ಎಸೆದು ಹಿಡಿಯುವ ಅಲ್ಟಿಮೇಟ್ ಫ್ರಿಸ್ಬೀ ಎಂಬ ಆಟಕ್ಕೆ ಅಂಪೈರ್ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿಯೂ ಸೀಟಿ ಊದಿ ತೀರ್ಪು ಕೊಡುವವರು ಇರುವುದಿಲ್ಲ. ಫೌಲ್ ಆಯಿತೆಂದು ಅನ್ನಿಸಿದವರೇ ಕೂಗಬೇಕು, ಮಾಡಿದವರು ಒಪ್ಪಬೇಕು ಇಲ್ಲವೇ ಒಪ್ಪುವುದಿಲ್ಲ ಎನ್ನಬೇಕು, ಆಮೇಲೆ ಇಬ್ಬರೂ ನಿಂತಲ್ಲೇ ಮಾತನಾಡಿ ಬಗೆಹರಿಸಿಕೊಳ್ಳಬೇಕು. ಬಗೆಹರಿಯದಿದ್ದರೆ ಡಿಸ್ಕ್ ಎಸೆದವನ ಕೈಗೇ ವಾಪಸು, ಆಟ ಮತ್ತೆ ಅಲ್ಲಿಂದಲೇ. ಈ ಆಟವನ್ನು ಕಟ್ಟಿದವರು ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್ ಎಂಬ ಊರಿನ ಹೈಸ್ಕೂಲು ಹುಡುಗರು. 1968ರಲ್ಲಿ ಶಾಲೆಯಲ್ಲಿ ಆಡಲು ಶುರು ಮಾಡಿದರು, ವಾಹನ ನಿಲ್ಲಿಸುವ ಜಾಗವನ್ನೇ ಅಂಗಳ ಮಾಡಿಕೊಂಡರು. ಭೂಮಿಯ ಮೇಲೆ ಉತ್ತರ ಕನ್ನಡ ಎಂಬ ಜಿಲ್ಲೆ ಇದೆ, ಅಲ್ಲಿ ತಾಳಮದ್ದಳೆ ಎಂಬ ಕಲೆ ಇದೆ ಎಂಬುದು ಆ ಮಕ್ಕಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಒಬ್ಬ ಅಂಪೈರನ್ನು ಇಟ್ಟೇ ಇಡುತ್ತಿದ್ದರು.

ತಾಳಮದ್ದಳೆ ಕೇಳದವರಿಗಾಗಿ ಒಂದು ಮಾತು. ಅದು ವೇಷವೂ ಕುಣಿತವೂ ಇಲ್ಲದ ಯಕ್ಷಗಾನ. ಭಾಗವತರು ಒಂದು ಪದ್ಯ ಹಾಡಿ ಮುಗಿಸುತ್ತಾರೆ, ಅರ್ಥಧಾರಿ ಶಲ್ಯ ಸರಿಮಾಡಿಕೊಂಡು ಆ ಪದ್ಯದ ಮೇಲೆ ಅರ್ಧ ಗಂಟೆ ಮಾತನಾಡುತ್ತಾನೆ. ಎದುರು ಕುಳಿತ ಅರ್ಥಧಾರಿ ಅದರಲ್ಲಿ ಒಂದು ಎಳೆ ಹಿಡಿದು ಮುಕ್ಕಾಲು ಗಂಟೆ ಜಗ್ಗುತ್ತಾನೆ. ಶಿರಸಿ ಸೀಮೆಯ ಹಳ್ಳಿಗಳಲ್ಲಿ ಅಡಿಕೆ ಸುಲಿಯುತ್ತ ಇದನ್ನು ಕೇಳಿ ಬೆಳೆದವರಿಗೆ ಹಗ್ಗ ಸಿಕ್ಕರೆ ಸಾಕು, ಹಸು ಯಾರದೆಂಬ ಚಿಂತೆಯಿಲ್ಲ. ಅಂಥ ಒಬ್ಬ ನಮ್ಮ ಕಾಲೇಜು ತಂಡದಲ್ಲಿದ್ದ. ಅಜ್ಜ ಅರ್ಥಧಾರಿ, ಅಪ್ಪ ಅರ್ಥಧಾರಿ, ಇವನೂ ಊರಿನ ಸಂಘದಲ್ಲಿ ಸಣ್ಣಪುಟ್ಟ ಪಾತ್ರಕ್ಕೆ ಕೂರುತ್ತಿದ್ದ. ಇಲ್ಲಿ ಅವನನ್ನು ಅರ್ಥಧಾರಿ ಎಂದೇ ಕರೆಯುತ್ತೇನೆ. ಹೆಸರು ಬರೆದರೆ ಅದಕ್ಕೂ ಒಂದು ಉತ್ತರ ಬರುತ್ತದೆ.

ಆಟವೇನೋ ಸರಳ. 175 ಗ್ರಾಂ ತೂಕದ, ಸುಮಾರು 27 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಡಿಸ್ಕ್. ಹಿಡಿದವರು ಅದರ ಜೊತೆ ಓಡುವಂತಿಲ್ಲ, ಒಂದು ಕಾಲು ಊರಿ ನಿಂತು ತಮ್ಮವರಿಗೆ ಎಸೆಯಬೇಕು. ನೆಲಕ್ಕೆ ಬಿದ್ದರೆ ಎದುರಾಳಿಯ ಪಾಲು. ಅಂಗಳದ ತುದಿಯ ಪಟ್ಟಿಯೊಳಗೆ ಹಿಡಿದರೆ ಅಂಕ. ಎಸೆಯುವವನ ಎದುರು ಕಾವಲು ನಿಂತವನು ‘ಸ್ಟಾಲಿಂಗ್’ ಎಂದು ಆರಂಭಿಸಿ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾನೆ. ಅಷ್ಟರೊಳಗೆ ಡಿಸ್ಕ್ ಕೈಬಿಡದಿದ್ದರೆ ಅದು ಕೈತಪ್ಪಿತೆಂದೇ ಲೆಕ್ಕ. ಹುಲ್ಲಿನ ಮೇಲೆ ಏಳು ಮಂದಿ, ಮರಳಿನ ಮೇಲೆ ಐದು ಮಂದಿ. ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಆಡಬಹುದು ಎಂಬ ಕಾರಣಕ್ಕೆ ನಮ್ಮ ಕಾಲೇಜಿನಲ್ಲಿ ಮೊದಲ ವಾರ ಭಾರೀ ಉತ್ಸಾಹವಿತ್ತು. ಶಿರಸಿಯ ಚಿರೆಕಲ್ಲಿನ ಮೈದಾನದಲ್ಲಿ ಮೊದಲ ಬಾರಿ ಡಿಸ್ಕ್‌ಗಾಗಿ ಹಾರಿ ಬಿದ್ದ ಹುಡುಗನ ಮೊಣಕೈಯನ್ನು ನೋಡಿದ ಮೇಲೆ ಉತ್ಸಾಹ ಅರ್ಧಕ್ಕಿಳಿಯಿತು. ಉಳಿದವರೇ ತಂಡವಾದೆವು. ಪ್ರತಿಭೆಯನ್ನು ನೋಡಿ ಆಯ್ಕೆ ಮಾಡಿದರು ಎಂದು ಯಾರೂ ಭ್ರಮೆಪಡಬಾರದು.

ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2015ರಲ್ಲಿ ಈ ಕ್ರೀಡೆಯ ವಿಶ್ವ ಸಂಸ್ಥೆಗೆ ಪೂರ್ಣ ಮಾನ್ಯತೆ ಕೊಟ್ಟಿದೆ. ಶಿರಸಿಯಲ್ಲಿ ಆ ಮಾನ್ಯತೆ ಇನ್ನೂ ಚಾಲ್ತಿಗೆ ಬಂದಿರಲಿಲ್ಲ. ಬೆಂಗಳೂರಿನಿಂದ ಹಿರಿಯ ವಿದ್ಯಾರ್ಥಿಯೊಬ್ಬ ತಂದುಕೊಟ್ಟ ಒಂದೇ ಒಂದು ಡಿಸ್ಕ್ ನಮ್ಮ ಆಸ್ತಿ. ರಜೆಯಲ್ಲಿ ಅದನ್ನು ಕಾಪಾಡುವ ಹೊಣೆ ಅರ್ಥಧಾರಿಗೆ ಬಂತು. ಅವನ ಮನೆಯಲ್ಲಿ ಅಜ್ಜಿ ಅದನ್ನು ಒಂದು ದಿನ ತಿರುಗಿಸಿ ಮುರುಗಿಸಿ ನೋಡಿದರು, ಮರುದಿನ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯ ಮೇಲೆ ಮುಚ್ಚಿದರು. ಅಳತೆ ಹೇಳಿ ಮಾಡಿಸಿದಷ್ಟು ಸರಿಯಾಗಿತ್ತು. ರಜೆ ಮುಗಿಯುವಾಗ ಅದನ್ನು ಬಿಡಿಸಿಕೊಂಡು ಬರಲು ಅವನು ಅಜ್ಜಿಯೊಂದಿಗೆ ವಾದ ಮಾಡಬೇಕಾಯಿತು. ಅವನ ಜೀವನದಲ್ಲಿ ಅವನು ಸೋತ ಏಕೈಕ ವಾದ ಅದು, ಡಿಸ್ಕ್ ತಂದದ್ದು ಅಜ್ಜಿ ಮಲಗಿದ ಮೇಲೆ.

ಡಿಸ್ಕ್‌ನ ಬೆನ್ನಿನ ಅಂಚಿನಲ್ಲಿ ವರ್ತುಲಾಕಾರದ ಸಣ್ಣ ಗೀರುಗಳಿರುತ್ತವೆ. ಆ ಗೀರುಗಳಲ್ಲಿ ಸಾಸಿವೆ, ಮೆಣಸು, ಉಪ್ಪು ಕುಳಿತಿತ್ತು. ತೊಳೆದರೂ ವಾಸನೆ ಹೋಗಲಿಲ್ಲ. ಕುಮಟಾದ ಒಂದು ಸೌಹಾರ್ದ ಪಂದ್ಯದಲ್ಲಿ ಎದುರಾಳಿ ಹುಡುಗಿ ಡಿಸ್ಕ್ ಹಿಡಿದು, ಎಸೆದು, ಹಣೆಯ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಉಜ್ಜಿಕೊಂಡಳು. ಆಟ ನಿಂತಿತು. ಕಣ್ಣಿಗೆ ನೀರು ಹಾಕುತ್ತಲೇ ಆಕೆ ‘ಫೌಲ್’ ಎಂದು ಕೂಗಿದಳು. ಡಿಸ್ಕ್‌ನಲ್ಲಿ ಖಾರವಿದ್ದರೆ ಅದು ಫೌಲ್ ಆಗುತ್ತದೆಯೇ ಎಂದು ನಿಯಮದ ಪುಸ್ತಕದಲ್ಲಿ ಹುಡುಕಿದೆವು. ಆಟಗಾರನ ದೇಹ ತಾಗಿದ್ದರೆ ಫೌಲ್. ಉಪ್ಪಿನಕಾಯಿ ತಾಗಿದರೆ ಏನು ಎಂಬುದರ ಬಗ್ಗೆ ಮೇಪಲ್‌ವುಡ್‌ನವರು ಮೌನ. ನಮ್ಮ ಅರ್ಥಧಾರಿ ಮುಂದೆ ಬಂದು, ಖಾರ ತಾಗಿದ್ದು ಎಸೆದ ಮೇಲೆ, ಎಂದರೆ ಡಿಸ್ಕ್ ಆಕೆಯ ಕೈಯಲ್ಲಿ ಇರಲಿಲ್ಲ, ಆದ್ದರಿಂದ ಇದು ಆಟದ ಹೊರಗಿನ ಘಟನೆ ಎಂದು ಪ್ರತಿಪಾದಿಸಿದ. ಆಕೆ ಒಂದು ಕಣ್ಣು ಮುಚ್ಚಿಕೊಂಡೇ ಅವನನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಆದರೂ ಪಂದ್ಯ ಮುಗಿದ ಮೇಲೆ ಉಪ್ಪಿನಕಾಯಿ ಎಲ್ಲಿಯದು ಎಂದು ವಿಚಾರಿಸಿದಳು.

ಕಾರವಾರದ ಕಡಲತೀರದಲ್ಲಿ ವಾರಾಂತ್ಯದ ಪಂದ್ಯಾವಳಿ ಎಂದು ಆಹ್ವಾನ ಬಂದಾಗ ನಮಗಾದ ಸಂಭ್ರಮಕ್ಕೆ ಮುಖ್ಯ ಕಾರಣ ಮರಳು. ಬಿದ್ದರೆ ಚರ್ಮ ಹೋಗುವುದಿಲ್ಲ. ಶನಿವಾರ ಬೆಳಿಗ್ಗೆ ಎಂಟಕ್ಕೆ ಮೊದಲ ಪಂದ್ಯ ಎಂದರೆ ಶುಕ್ರವಾರ ಸಂಜೆಯೇ ಶಿರಸಿ ಬಿಡಬೇಕು. ದೇವಿಮನೆ ಘಟ್ಟದಲ್ಲಿ ಆಗ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಬಸ್ಸು ನಿಂತು ನಿಂತು ಇಳಿಯಿತು, ನಮ್ಮಲ್ಲಿ ಮೂವರು ಪ್ರತಿ ನಿಲುಗಡೆಯಲ್ಲೂ ಇಳಿದರು. ಕುಮಟಾ, ಅಂಕೋಲಾ ದಾಟಿ ಕಾರವಾರ ತಲುಪುವಾಗ ಊಟದ ಹೊತ್ತು ಮೀರಿತ್ತು. ಉಳಿದುಕೊಂಡದ್ದು ಒಬ್ಬ ಹಿರಿಯ ವಿದ್ಯಾರ್ಥಿಯ ಬಂಧುಗಳ ಮನೆಯ ಜಗಲಿಯಲ್ಲಿ. ಸೊಳ್ಳೆಗಳ ವಿಷಯ ಬರೆಯುವುದಿಲ್ಲ, ಕರಾವಳಿಯ ಓದುಗರಿಗೆ ಅದರಲ್ಲಿ ಹೊಸದೇನೂ ಇಲ್ಲ.

ಪಂದ್ಯಾವಳಿ ನಡೆಸುತ್ತಿದ್ದವರು ಬಯಲುಸೀಮೆಯವರು. ಅಚ್ಚುಕಟ್ಟಿನ ಜನ. ಒಂದು ವಾರ ಮುಂಚೆಯೇ ಬಂದು, ಬೆಳಿಗ್ಗೆ ಹತ್ತರ ಹೊತ್ತಿಗೆ ಟ್ಯಾಗೋರ್ ಕಡಲತೀರದ ಮರಳನ್ನು ಅಳೆದು, ಉದ್ದ 75 ಮೀಟರ್, ಅಗಲ 25 ಮೀಟರ್ ಎಂದು ನಿಯಮದ ಪ್ರಕಾರ ಮೂರು ಅಂಗಳಗಳ ನಕ್ಷೆ ಬರೆದುಕೊಂಡು ಹೋಗಿದ್ದರು. ಸಮುದ್ರ ಅಂದು ದೂರದಲ್ಲಿ, ಯಾರ ತಂಟೆಗೂ ಬಾರದೆ ಇತ್ತಂತೆ. ರವೀಂದ್ರನಾಥ ಟ್ಯಾಗೋರರು 1882ರಲ್ಲಿ ಇಲ್ಲಿಗೆ ಬಂದಿದ್ದರು, ಅವರ ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದರು ಎಂಬುದನ್ನೆಲ್ಲ ಕರಪತ್ರದಲ್ಲಿ ಹಾಕಿದ್ದರು. ಎಲ್ಲವನ್ನೂ ವಿಚಾರಿಸಿದ್ದರು, ಪಂಚಾಂಗ ಒಂದನ್ನು ಬಿಟ್ಟು.

ನಮ್ಮ ತಂಡದಲ್ಲಿ ಕಡಲ ದಂಡೆಯ ಮಾಜಾಳಿಯ ಹುಡುಗಿಯೊಬ್ಬಳಿದ್ದಳು. ಓದಲೆಂದು ಘಟ್ಟ ಹತ್ತಿ ಬಂದವಳು, ಮಾತು ಕಡಿಮೆ. ಶನಿವಾರ ಬೆಳಿಗ್ಗೆ ಎಲ್ಲರೂ ಚೀಲಗಳನ್ನು ಅಂಗಳದ ಪಕ್ಕದಲ್ಲಿ ಸಾಲಾಗಿ ಇಡುವಾಗ ಅವಳು ತನ್ನ ಚೀಲವನ್ನು ಹೊತ್ತುಕೊಂಡು ಮೇಲೆ, ಯುದ್ಧನೌಕೆ ಚಾಪಲ್‌ನ ಸಂಗ್ರಹಾಲಯದ ಕಡೆ ನಡೆದಳು. ಅಲ್ಲಿ ಗೋಡೆಯ ಮೇಲೆ ಚೀಲ ಇಟ್ಟು ವಾಪಸು ಬಂದು, “ಇವತ್ತು ಹುಣ್ಣಿಮೆ ಅಲ್ಲವೇ?” ಎಂದು ಸಂಘಟಕರನ್ನು ಕೇಳಿದಳು.

“ಹೌದು, ಒಳ್ಳೆಯ ದಿನ” ಎಂದರು ಸಂಘಟಕರು.

ನಮ್ಮ ನಾಯಕಿ ಅವಳನ್ನು ಪಕ್ಕಕ್ಕೆ ಕರೆದು, ಉಪವಾಸ ಇದ್ದರೆ ಮೊದಲೇ ಹೇಳು, ಎರಡನೇ ಪಂದ್ಯಕ್ಕೆ ಮಾತ್ರ ಇಳಿಸುತ್ತೇನೆ ಎಂದಳು. ಅವಳು ಮತ್ತೇನೂ ಮಾತನಾಡಲಿಲ್ಲ. ಕೇಳಿಸಿಕೊಳ್ಳದವರಿಗೆ ಎರಡನೆಯ ಸಲ ಹೇಳುವ ರೂಢಿ ಕಡಲ ಮಕ್ಕಳಿಗೆ ಇಲ್ಲವೆಂದು ತೋರುತ್ತದೆ.

ಸಮುದ್ರದ ಲೆಕ್ಕ ಗಡಿಯಾರದ ಲೆಕ್ಕವಲ್ಲ, ಚಂದ್ರನದು. ಭರತ, ಎಂದರೆ ಕಡಲ ಉಬ್ಬರ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಒಂದು ವಾರ ಕಳೆಯುವುದರೊಳಗೆ ಹೆಚ್ಚುಕಡಿಮೆ 6 ಗಂಟೆಯ ವ್ಯತ್ಯಾಸ. ಎಂದರೆ, ಹೋದ ವಾರ ಬೆಳಿಗ್ಗೆ ಹತ್ತಕ್ಕೆ ಇಳಿತವಿದ್ದರೆ ಈ ವಾರ ಬೆಳಿಗ್ಗೆ ಹತ್ತಕ್ಕೆ ಭರತ. ಅದರ ಮೇಲೆ, ಸಂಘಟಕರು ಅಳೆಯಲು ಬಂದದ್ದು ಅಷ್ಟಮಿಯ ಆಸುಪಾಸಿನಲ್ಲಿ, ಸಮುದ್ರ ಮೆತ್ತಗಿರುವ ದಿನಗಳಲ್ಲಿ. ಆಡಿಸಲು ಕರೆದದ್ದು ಹುಣ್ಣಿಮೆಯ ದಿನ, ಅದು ಮೈದುಂಬಿ ಬರುವಾಗ. ತಪ್ಪು ದಿನವನ್ನು ಬೇಕೆಂದೇ ಹುಡುಕಿದ್ದರೂ ಇಷ್ಟು ಕರಾರುವಾಕ್ಕಾಗಿ ಸಿಗುತ್ತಿರಲಿಲ್ಲ.

ಮೊದಲ ಪಂದ್ಯದಲ್ಲಿ ಅಲೆಗಳು ಅಂಗಳದ ಅಂಚಿನಿಂದ ಹತ್ತು ಹೆಜ್ಜೆ ದೂರದಲ್ಲಿದ್ದವು. ಪಂದ್ಯ ಮುಗಿಯುವಾಗ ಅಂಚಿನಲ್ಲೇ ಇದ್ದವು. ಎರಡನೇ ಪಂದ್ಯದ ಮಧ್ಯೆ, ಪಡುವಣ ಗಡಿಗೆ ಗೆರೆಯಾಗಿ ಹಾಸಿದ್ದ ನೀಲಿ ಪಟ್ಟಿ ಒಮ್ಮೆ ತೇಲಿತು, ಸ್ವಲ್ಪ ಯೋಚಿಸಿತು, ಮರಳಿ ಮಲಗಿತು. ಯಾರೋ ಹೋಗಿ ಅದರ ಮೂಲೆಗಳಿಗೆ ತೆಂಗಿನ ಚಿಪ್ಪು ಇಟ್ಟು ಬಂದರು. ಮುಂದಿನ ಅಲೆ ಚಿಪ್ಪುಗಳನ್ನು ಒಯ್ದಿತು.

ನಮ್ಮ ಎದುರಾಳಿ ಕಾರವಾರದ ತಂಡ. ಅಂಕ ಸಮಸಮ. ನಾಯಕಿ ಎಸೆದ ಡಿಸ್ಕ್ ತುದಿಯ ಪಟ್ಟಿಯ ಪಡುವಣ ಮೂಲೆಗೆ ತೇಲಿ ಹೋಯಿತು. ಅರ್ಥಧಾರಿ ಗಡಿಯಿಂದ ಎರಡು ಗೇಣು ಒಳಗೆ ಭದ್ರವಾಗಿ ಕಾಲೂರಿ ಕೈ ಎತ್ತಿದ. ಅದೇ ಗಳಿಗೆಗೆ ದೊಡ್ಡ ಅಲೆಯೊಂದು ಬಂದು, ನೀಲಿ ಪಟ್ಟಿಯನ್ನು ಎತ್ತಿ, ಅವನ ಕಾಲುಗಳ ಅಡಿಯಿಂದ ಎಂಬಷ್ಟು ನಾಜೂಕಾಗಿ ದಾಟಿಸಿ, ಅವನ ಬಲಕ್ಕೆ ಮೂರು ಅಡಿ ಆಚೆ ಹಾಸಿತು. ಡಿಸ್ಕ್ ಅವನ ಕೈ ಸೇರಿದಾಗ ಅವನು ಗಡಿಯ ಹೊರಗಿದ್ದ. ನಿಂತಲ್ಲೇ ನಿಂತಿದ್ದ, ಆದರೂ ಹೊರಗಿದ್ದ.

“ಹೊರಗೆ” ಎಂದ ಕಾರವಾರದ ಹುಡುಗ.

ಅರ್ಥಧಾರಿಯ ಮುಖದಲ್ಲಿ ಆ ಕ್ಷಣ ಬಂದ ಕಳೆಯನ್ನು ವರ್ಣಿಸುವುದು ಕಷ್ಟ. ಹುಟ್ಟಿದಾಗಿನಿಂದ ಅವನು ಕಾಯುತ್ತಿದ್ದ ಪ್ರಸಂಗ ಇದೇ. ಮೊಣಕಾಲವರೆಗಿನ ನೀರಿನಲ್ಲಿ, ಡಿಸ್ಕನ್ನು ಎದೆಗೆ ಅವಚಿಕೊಂಡು, ಬಲಗೈ ಮುಂದೆ ಚಾಚಿ ಅವನು ಆರಂಭಿಸಿದ. “ನಾನು ಗಡಿಯನ್ನು ದಾಟಲಿಲ್ಲ. ಗಡಿಯೇ ನನ್ನನ್ನು ದಾಟಿತು ಸ್ವಾಮಿ! ದಾಟಿದವರು ಯಾರೋ ಅವರಿಗೆ ದಂಡ. ಸಮುದ್ರರಾಜನನ್ನು ಹೊರಗೆ ಕಳಿಸಿ, ನನ್ನನ್ನಲ್ಲ.”

ಕಾರವಾರದವರಿಗೆ ಗಡಿ ವಿವಾದ ಹೊಸದಲ್ಲ. 1967ರಲ್ಲಿ ಮಹಾಜನ ಆಯೋಗದ ವರದಿ ಬಂದ ಮೇಲೂ ನೆರೆರಾಜ್ಯ ತಮ್ಮ ಊರು ತನ್ನದೆಂದು ಕೇಳುತ್ತಿರುವುದನ್ನು ನೋಡುತ್ತ ಬೆಳೆದವರು. ಅವರ ನಾಯಕ ತಣ್ಣಗೆ, “ಈಗ ಗೆರೆ ಎಲ್ಲಿದೆಯೋ ಅದೇ ಗೆರೆ” ಎಂದ. “ಹಾಗಾದರೆ ಮುಂದಿನ ಅಲೆಗೆ ನೀವೂ ಹೊರಗೆ” ಎಂದ ನಮ್ಮವ. ಹಾಗೆಯೇ ಆಯಿತು. ಮುಂದಿನ ಅಲೆ ಪಟ್ಟಿಯನ್ನು ಇನ್ನೂ ಒಳಗೆ ತಂದು, ವಾದಿಸುತ್ತಿದ್ದ ಇಬ್ಬರನ್ನೂ, ಕೇಳುತ್ತಿದ್ದ ನಾಲ್ವರನ್ನೂ ಹೊರಹಾಕಿತು. ಅದರ ಮುಂದಿನದು ಸಾಲಾಗಿಟ್ಟ ಚೀಲಗಳ ಬಳಿ ಬಂದಿತು. ಆಗ ಮಾತ್ರ ವಾದ ನಿಂತಿತು. ಯಾರ ಒಂದು ಬೂಟು, ಯಾರ ಮೊಬೈಲ್ ಚಾರ್ಜರ್, ನಾಯಕಿ ಸೋಮವಾರದ ಕಿರುಪರೀಕ್ಷೆಗೆಂದು ತಂದಿದ್ದ ಟಿಪ್ಪಣಿ ಪುಸ್ತಕ, ಎಲ್ಲವೂ ಒಂದು ಸುತ್ತು ಅರಬ್ಬೀ ಸಮುದ್ರ ನೋಡಿಕೊಂಡು ಬಂದವು. ಪುಸ್ತಕ ಸ್ವಲ್ಪ ಹೆಚ್ಚು ನೋಡಿತು. ಮಾಜಾಳಿಯ ಹುಡುಗಿ ಗೋಡೆಯ ಮೇಲೆ ಒಣಗಿದ ಚೀಲದ ಪಕ್ಕದಲ್ಲಿ ಕುಳಿತು ಕಡಲೆಕಾಯಿ ತಿನ್ನುತ್ತಿದ್ದಳು.

ಪಂದ್ಯಗಳನ್ನು ಮಧ್ಯಾಹ್ನದ ಮೇಲಕ್ಕೆ ಮುಂದೂಡಿದರು. ಇಳಿತದ ಹೊತ್ತಿಗೆ ಮರಳೇನೋ ಸಿಕ್ಕಿತು, ಜೊತೆಗೆ ಗಾಳಿಯೂ ಸಿಕ್ಕಿತು. ಹಗಲು ಏರಿದಂತೆ ನೆಲ ಕಾಯುತ್ತದೆ, ಕಾದ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ ಎಂದು ಏಳನೇ ತರಗತಿಯಲ್ಲಿ ಚಿತ್ರ ಬರೆದು ಅಂಕ ಪಡೆದವರು ನಾವು. ಆ ಗಾಳಿ ಎಷ್ಟು ಜೋರಾಗಿರುತ್ತದೆ ಎಂದು ಚಿತ್ರದಲ್ಲಿ ಇರಲಿಲ್ಲ. ಅಡಿಕೆ ತೋಟ, ಕಾಡುಗಳ ನಡುವಿನ ಶಿರಸಿಯಲ್ಲಿ ಎಸೆಯುವುದನ್ನು ಕಲಿತವರಿಗೆ ಡಿಸ್ಕ್ ಎಸೆದ ಕಡೆಗೇ ಹೋಗುತ್ತದೆ ಎಂಬ ನಂಬಿಕೆ ಇತ್ತು. ಇಲ್ಲಿ ಅದರ ಅಂಚು ಒಂದಿಷ್ಟು ಮೇಲಾದರೆ ಸಾಕು, ಅಡಿಯಲ್ಲಿ ಗಾಳಿ ಹೊಕ್ಕು, ಬಿಸಿಲಿಗಿಟ್ಟ ಹಪ್ಪಳದಂತೆ ಎದ್ದು ಮೂಡಣಕ್ಕೆ ಹಾರಿಬಿಡುತ್ತಿತ್ತು. ಮೂಡಣಕ್ಕೆ ಐಸ್‌ಕ್ರೀಮ್ ಗಾಡಿಗಳು, ಅದರಾಚೆ ರಾಷ್ಟ್ರೀಯ ಹೆದ್ದಾರಿ 66. ಪ್ರತಿ ಅಂಕದ ನಂತರ ತಂಡಗಳು ದಿಕ್ಕು ಬದಲಿಸುವುದು ಗಾಳಿಯ ಲಾಭ ಒಬ್ಬರಿಗೇ ಸಿಗದಿರಲೆಂದು. ಅಂಗಳವನ್ನು ದಂಡೆಗೆ ಸಮಾನಾಂತರವಾಗಿ ಹಾಕಿದ್ದರಿಂದ ಗಾಳಿ ಅಡ್ಡಕ್ಕೆ ಬೀಸುತ್ತಿತ್ತು, ಲಾಭ ಯಾರಿಗೂ ಸಿಗಲಿಲ್ಲ, ಐಸ್‌ಕ್ರೀಮ್‌ನವನನ್ನು ಬಿಟ್ಟು. ಡಿಸ್ಕ್ ತರಲು ಹೋದವರೆಲ್ಲ ಏನಾದರೊಂದು ಕೊಂಡು ಬರುತ್ತಿದ್ದರು.

ಆ ಮಧ್ಯಾಹ್ನವೇ ಅರ್ಥಧಾರಿಯ ಇನ್ನೊಂದು ಪ್ರದರ್ಶನ. ಎದುರಾಳಿ ತಂಡದ ಹುಡುಗನೊಬ್ಬ ಹಿಂದಿನಿಂದ ಹಾರಿ ಬಂದು ಇವನ ಭುಜಕ್ಕೆ ತಾಗಿ ಡಿಸ್ಕ್ ಬೀಳಿಸಿದ. ಇವನು ಫೌಲ್ ಕೂಗಿ, ವಾಲಿಯ ಧಾಟಿಯಲ್ಲಿ ಆರಂಭಿಸಿದ. “ಎದುರಿನಿಂದ ಬರಬಹುದಿತ್ತಲ್ಲವೇ? ಮರೆಯಲ್ಲಿ ನಿಂತು ಹೊಡೆಯುವುದಕ್ಕೆ ಯಾವ ಧರ್ಮಶಾಸ್ತ್ರದ ಆಧಾರ?”

“ಕ್ಷಮಿಸಿ, ತಪ್ಪಾಯಿತು. ಫೌಲ್ ಹೌದು” ಎಂದ ಆ ಹುಡುಗ.

ನಿಯಮದ ಪ್ರಕಾರ ವಿಷಯ ಅಲ್ಲಿಗೆ ಮುಗಿಯಿತು. ಅರ್ಥಧಾರಿ ಮಾತ್ರ ಕಂಗಾಲಾದ. ಪೀಠಿಕೆಯಲ್ಲೇ ರಾಮ ಶರಣಾದರೆ ವಾಲಿ ಉಳಿದ ರಾತ್ರಿ ಏನು ಮಾಡಬೇಕು? “ಇಷ್ಟು ಬೇಗ ಒಪ್ಪಬೇಡಿ. ನಿಮ್ಮ ಪಕ್ಷದಲ್ಲೂ ನ್ಯಾಯವಿದೆ” ಎಂದು ಆ ಹುಡುಗನಿಗೆ ಧೈರ್ಯ ಹೇಳಿ, ಆಮೇಲೆ ತಾನೇ ಅವನ ಪರವಾಗಿ ವಾದ ಹೂಡಿದ. ಡಿಸ್ಕ್ ಗಾಳಿಯಲ್ಲಿದ್ದಾಗ ಅದರ ಮೇಲೆ ಇಬ್ಬರಿಗೂ ಸಮಾನ ಹಕ್ಕು, ಹಿಂದಿನಿಂದ ಬಂದದ್ದು ಗಾಳಿಯ ದಿಕ್ಕಿನಿಂದ, ತಾಗಿದ್ದು ಡಿಸ್ಕ್ ಮುಟ್ಟಿದ ಮೇಲೆ. ಎಷ್ಟು ಚೆನ್ನಾಗಿ ವಾದಿಸಿದನೆಂದರೆ ಆ ಹುಡುಗ ಯೋಚಿಸಿ, “ಹಾಗಾದರೆ ನಾನು ಒಪ್ಪುವುದಿಲ್ಲ” ಎಂದ. ಡಿಸ್ಕ್ ಎಸೆದವರ ಕೈಗೆ ವಾಪಸಾಯಿತು. ಅಂಕ ಬರಬಹುದಾಗಿದ್ದ ಜಾಗದಿಂದ ನಲವತ್ತು ಮೀಟರ್ ಹಿಂದೆ ನಿಂತಿದ್ದ ನಾಯಕಿ ಅದನ್ನು ಇಸಿದುಕೊಂಡು ಆಕಾಶ ನೋಡಿದಳು. ಆ ಪಂದ್ಯ ಸೋತೆವು. ಅದರ ನಂತರದ್ದೂ ಸೋತೆವು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಭಾನುವಾರ ಸಂಘಟಕರು ಬುದ್ಧಿವಂತರಾಗಿದ್ದರು. ಭರತ ಬರುವ ಮುಂಚೆ ಮುಗಿಸಬೇಕೆಂದು ನಸುಕಿನ ಆರೂವರೆಗೇ ಆಟ ಶುರು ಮಾಡಿದರು. ಹಿಂದಿನ ದಿನ ಅಲೆಯ ಪಾಲಾಗಿದ್ದ ನಮ್ಮ ಮತ್ತು ಕಾರವಾರದವರ ಪಂದ್ಯ ಅಲ್ಲಿಂದಲೇ ಮುಂದುವರಿಯಬೇಕಿತ್ತು, ಗಡಿ ದಾಟಿದ ವ್ಯಾಜ್ಯ ಇತ್ಯರ್ಥವಾಗದೆ. ಮರಳು ತಣ್ಣಗಿತ್ತು, ಗಾಳಿ ಇರಲಿಲ್ಲ, ಸದಾಶಿವಗಡದ ಮೇಲೆ ಬೆಳಕು ಬೀಳುತ್ತಿತ್ತು. ಈ ಸಲ ಸಮುದ್ರದ ಕಡೆಯಿಂದ ಬಂದದ್ದು ಅಲೆಯಲ್ಲ, ಹಗ್ಗ.

ರಂಪಣಿಯವರು. ದೋಣಿಯಲ್ಲಿ ಬಲೆ ಹೇರಿಕೊಂಡು ಹೋಗಿ ಸಮುದ್ರದಲ್ಲಿ ಬಿಲ್ಲಿನಾಕಾರಕ್ಕೆ ನೂರಾರು ಮೀಟರ್ ಬಿಟ್ಟು, ಎರಡೂ ತುದಿಗಳ ಹಗ್ಗವನ್ನು ದಡಕ್ಕೆ ತಂದು, ಎರಡು ಕಡೆ ಜನ ನಿಂತು ಗಂಟೆಗಟ್ಟಲೆ ಎಳೆಯುವ ಬಲೆ ಅದು. ಒಂದು ಹಗ್ಗ ನಮ್ಮ ಅಂಗಳದ ನಟ್ಟನಡುವೆ ಬಂದು ಬಿತ್ತು. ಅದರ ಹಿಂದೆಯೇ ಬಂದ ತಾಂಡೇಲರು, ಎಂದರೆ ಬಲೆಯ ತಂಡದ ಯಜಮಾನರು, ಅರವತ್ತು ದಾಟಿದ ಹಿರಿಯರು, ನಮ್ಮ ಶಂಕುಗಳನ್ನು ನೋಡಿದರು, ಪಟ್ಟಿ ನೋಡಿದರು, ಬಣ್ಣದ ಜೆರ್ಸಿ ನೋಡಿದರು. ಕೈಯಲ್ಲಿದ್ದ ಬೀಡಿಯಿಂದ ಎರಡು ಸಲ ಆಚೆ ತೋರಿಸಿದರು. ಇಡೀ ಪಂದ್ಯಾವಳಿಯಲ್ಲಿ ಚರ್ಚೆಯಿಲ್ಲದೆ ಎರಡೂ ತಂಡಗಳು ಒಪ್ಪಿದ ತೀರ್ಪು ಅದೊಂದೇ.

ಅರ್ಥಧಾರಿ ಬಿಡಲಿಲ್ಲ. ತೀರ್ಪು ಕೊಡಬಲ್ಲ ಮನುಷ್ಯ ಕೊನೆಗೂ ಸಿಕ್ಕಿದನೆಂದು ಅವರ ಹಿಂದೆ ಹೋಗಿ, ನಿನ್ನೆಯ ಅಲೆ, ಪಟ್ಟಿ, ತಾನು ನಿಂತಿದ್ದ ಜಾಗ ಎಲ್ಲವನ್ನೂ ವಿವರಿಸಿ, “ಹೇಳಿ, ದಾಟಿದ್ದು ಯಾರು?” ಎಂದ. ತಾಂಡೇಲರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವನ ಕೈಗೆ ಹಗ್ಗ ಕೊಟ್ಟು, “ಎಳೆ” ಎಂದರು.

ಎಳೆದೆವು. ಒಂದು ತುದಿಯಲ್ಲಿ ನಮ್ಮವರು, ಇನ್ನೊಂದು ತುದಿಯಲ್ಲಿ ಕಾರವಾರದ ತಂಡ, ನಡುನಡುವೆ ನಿಜವಾಗಿ ಎಳೆಯಬಲ್ಲವರು. ಒದ್ದೆ ಹಗ್ಗ ಅಂಗೈಯ ಚರ್ಮವನ್ನು ಉಪ್ಪು ಹಾಕಿ ಉಜ್ಜುತ್ತದೆ. ಹಿಮ್ಮಡಿಯನ್ನು ಮರಳಿನಲ್ಲಿ ಹೂತು, ಬೆನ್ನು ಹಿಂದಕ್ಕೆ ಒಗೆದು, ಒಂದು ಹೆಜ್ಜೆ. ಕೊನೆಗೆ ತಲುಪಿದವನು ಹಗ್ಗ ಬಿಟ್ಟು ಮುಂದೆ ಓಡಿ ನೀರಿನಂಚಿನಲ್ಲಿ ಮತ್ತೆ ಹಿಡಿಯಬೇಕು. ನಮ್ಮ ನಾಯಕಿಗೆ ಎದುರು ಬದಿಯಲ್ಲಿ ಕಾರವಾರದವರು ಕಾಣುತ್ತಲೇ ರಕ್ತ ಕುದಿಯಿತು. ಎರಡು ಸೋಲಿನ ಸೇಡನ್ನು ಇಲ್ಲಿ ತೀರಿಸಿಕೊಳ್ಳಬಹುದೆಂದು, “ಜೋರಾಗಿ, ಅವರಿಗಿಂತ ಮುಂದೆ!” ಎಂದು ಕೂಗಿದಳು. ನಾವು ಪ್ರಾಣ ಬಿಟ್ಟು ಎಳೆದು ಮುಂದೆ ಹೋಗಿಯೇ ಬಿಟ್ಟೆವು. ತಾಂಡೇಲರು ಓಡಿ ಬಂದು ಬೈದರು. ಎರಡೂ ತುದಿ ಸಮನಾಗಿ ಬರಬೇಕಂತೆ, ಒಂದು ಕಡೆ ಓಡಿದರೆ ಬಿಲ್ಲು ಸೊಟ್ಟಗಾಗಿ ಮೀನು ಇನ್ನೊಂದು ಕಡೆಯಿಂದ ಹೊರಟುಹೋಗುತ್ತದಂತೆ. ಆ ವಾರಾಂತ್ಯದಲ್ಲಿ ನಾವು ಕಾರವಾರದವರನ್ನು ಹಿಂದೆ ಹಾಕಿದ್ದು ಅಲ್ಲೊಂದೇ, ಅದೂ ನಿಯಮಬಾಹಿರ.

ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಅದರೊಳಗೆ ಬೆಳ್ಳಿ ಕುದಿಯುತ್ತಿತ್ತು. ಬಂಗಡೆ, ತಾರ್ಲೆ, ನಾಲ್ಕಾರು ಏಡಿ, ಒಂದು ಪ್ಲಾಸ್ಟಿಕ್ ಚಪ್ಪಲಿ. ನಿನ್ನೆ ಕಳೆದುಹೋದ ಬೂಟೂ ಸಿಗಬಹುದೆಂದು ಒಬ್ಬ ಹುಡುಕಿದ. ಎಳೆದವರಿಗೆಲ್ಲ ಪಾಲು ಕೊಡುವುದು ಪದ್ಧತಿ ಎಂದು ತಾಂಡೇಲರು ನಮಗೂ ಒಂದು ಪಾಲು ಎತ್ತಿಟ್ಟರು. ತೆಗೆದುಕೊಳ್ಳಲು ಪಾತ್ರೆ ಕೇಳಿದರು. ಪಾತ್ರೆ ಎಲ್ಲಿಂದ ಬರಬೇಕು? ಅರ್ಥಧಾರಿಯ ಕೈಯಲ್ಲಿದ್ದ ಡಿಸ್ಕನ್ನು ಅವರೇ ಇಸಿದು, ಅಂಗಾತ ಮಾಡಿ, ಬಂಗಡೆ ತುಂಬಿ ಕೊಟ್ಟರು. ಬೆಳ್ಳುಳ್ಳಿಯನ್ನೂ ಅಡುಗೆಮನೆಗೆ ಸೇರಿಸದ ಮನೆಯ ಕುಡಿ, ಅಜ್ಜಿಯ ಭರಣಿಯ ಮುಚ್ಚಳದಲ್ಲಿ ಒಂದು ಡಜನ್ ಬಂಗಡೆಯನ್ನು ಹಿಡಿದುಕೊಂಡು, ಅವುಗಳ ಕಣ್ಣು ತಪ್ಪಿಸುತ್ತ ನಿಂತಿತು. ಪಾಪ, ಮಾತೇ ಹೊರಡಲಿಲ್ಲ.

ಮಾಜಾಳಿಯ ಹುಡುಗಿ ಬಂದು ಆರಿಸಿ ಅರ್ಧ ತೆಗೆದುಕೊಂಡಳು. ಉಳಿದುದನ್ನು ಕಾರವಾರದ ತಂಡಕ್ಕೆ ಕೊಟ್ಟೆವು. ಅವರು ಅದಕ್ಕೆ ತುಂಬ ಸಂತೋಷಪಟ್ಟರು. ಪಂದ್ಯ ಮತ್ತೆ ಶುರುವಾಗುವಾಗ ಭರತವೂ ಶುರುವಾಯಿತು, ಹೇಗೋ ಮುಗಿಸಿದೆವು, ಒಂದು ಅಂಕದಿಂದ ಸೋತೆವು. ಗಡಿಯ ಅಂಕ ಸಿಕ್ಕಿದ್ದರೆ ಎಂಬ ಲೆಕ್ಕ ಅರ್ಥಧಾರಿಯ ಬಳಿ ಇವತ್ತಿಗೂ ಇದೆ.

ಈ ಆಟದಲ್ಲಿ ಪಂದ್ಯ ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಎರಡೂ ತಂಡದವರು ಬೆರೆತು, ಹೆಗಲ ಮೇಲೆ ಕೈ ಹಾಕಿ ವರ್ತುಲವಾಗಿ ನಿಂತು, ಎದುರಾಳಿಯ ಬಗ್ಗೆ ಒಳ್ಳೆಯ ಮಾತು ಹೇಳಬೇಕು. ಮುಖದ ಮುಂದೆ ಹೊಗಳುವುದು ಘಟ್ಟದ ಮೇಲಿನವರಿಗೆ ಬಾರದ ವಿದ್ಯೆ. ಕಾರವಾರದವರು ನಮ್ಮ ಓಟ, ನಮ್ಮ ನಗು, ನಮ್ಮ ಮೀನು ಎಲ್ಲವನ್ನೂ ಹೊಗಳಿದರು. ನಮ್ಮ ಸರದಿ ಬಂದಾಗ ನಾಯಕಿ ಗಂಟಲು ಸರಿಮಾಡಿಕೊಂಡು, “ನೀವು ಆಡಿದ್ದು ಅಡ್ಡಿಯಿಲ್ಲ” ಎಂದಳು. ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಬಿರುದು ಇಲ್ಲ ಎಂಬುದನ್ನು ಅವರಿಗೆ ಆಮೇಲೆ ಮಾಜಾಳಿಯ ಹುಡುಗಿ ತಿಳಿಸಿ ಸಮಾಧಾನ ಮಾಡಬೇಕಾಯಿತು.

ಅದಾದ ಮೇಲೆ ಅಂಕಪಟ್ಟಿ. ನಿಯಮಗಳ ಅರಿವು, ಫೌಲ್ ಮತ್ತು ಮೈ ತಾಗುವಿಕೆ, ನ್ಯಾಯಬುದ್ಧಿ, ಮನೋಭಾವ ಮತ್ತು ಸಂಯಮ, ಸಂವಹನ ಎಂಬ ಐದು ವಿಷಯಗಳಲ್ಲಿ ಎದುರಾಳಿ ತಂಡ ನಮಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತದೆ. ಎರಡು ಬಂದರೆ ಚೆನ್ನಾಗಿದೆ ಎಂದರ್ಥ, ಒಟ್ಟು ಹತ್ತು ಬಂದರೆ ಒಂದು ಒಳ್ಳೆಯ ಪಂದ್ಯ. ಎಸ್‌ಎಸ್‌ಎಲ್‌ಸಿಯಲ್ಲಿ ತೊಂಬತ್ತೈದು ಪಡೆದು ಮನೆಯಲ್ಲಿ ಬೈಸಿಕೊಂಡು ಬೆಳೆದವರಿಗೆ ಇದನ್ನು ನಂಬಿಸುವುದು ಕಷ್ಟ. ಹಿಂದಿನ ದಿನ ಒಂದು ತಂಡ ನಮಗೆ ಇಪ್ಪತ್ತಕ್ಕೆ ಹತ್ತು ಕೊಟ್ಟಾಗ, ಶೇಕಡ ಐವತ್ತು ಎಂದರೆ ಎರಡನೇ ದರ್ಜೆಯೂ ಅನುಮಾನ ಎಂದು ನಮ್ಮ ಇಬ್ಬರು ಮರುಮೌಲ್ಯಮಾಪನಕ್ಕೆ ಅರ್ಜಿ ಬರೆದಿದ್ದರು.

ಬಹುಮಾನ ವಿತರಣೆ ಸಂಜೆ ನಾಲ್ಕಕ್ಕೆಂದು ಇದ್ದದ್ದು ಆರೂವರೆಗೆ ಆರಂಭವಾಯಿತು. ಮುಖ್ಯ ಅತಿಥಿಗಳು ಇದು ಚಕ್ರ ಎಸೆತವೆಂದು ತಿಳಿದು ಬಂದಿದ್ದರು. ತಮ್ಮ ಕಾಲದಲ್ಲಿ ಚಕ್ರ ಕಬ್ಬಿಣದ್ದಾಗಿತ್ತು, ಈಗಿನ ಮಕ್ಕಳಿಗೆ ತೋಳಿನಲ್ಲಿ ಬಲವಿಲ್ಲದೆ ಪ್ಲಾಸ್ಟಿಕ್‌ಗೆ ಇಳಿದಿದ್ದಾರೆ ಎಂದು ದೀರ್ಘವಾಗಿ ಮರುಗಿದರು. ಯಾರೂ ತಿದ್ದಲಿಲ್ಲ, ಶಿರಸಿಯ ಕೊನೆಯ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷವಷ್ಟೇ ಇತ್ತು.

ಆ ಇಪ್ಪತ್ತು ನಿಮಿಷದಲ್ಲಿ ಕಾರವಾರದವರ ಅಂಕಪಟ್ಟಿ ನಮ್ಮ ಕೈ ಸೇರಿತು. ನಿಯಮ 2, ಫೌಲ್ 2, ನ್ಯಾಯಬುದ್ಧಿ 3, ಮನೋಭಾವ 3, ಸಂವಹನ 1. ಒಟ್ಟು ಹನ್ನೊಂದು, ನಮಗೆ ಬಂದ ಅತ್ಯುತ್ತಮ. ನಾಯಕಿ ಚೀಟಿಯನ್ನು ಮಡಚಿ ಇಡುವಷ್ಟರಲ್ಲಿ ಅರ್ಥಧಾರಿಯ ಕಣ್ಣಿಗೆ ಕೊನೆಯ ಸಾಲು ಬಿತ್ತು.

“ಸಂವಹನ ಒಂದು? ಎರಡು ದಿನ ಬಾಯಿ ಮುಚ್ಚದೆ ಮಾತನಾಡಿದ್ದೇನೆ. ಒಂದು?”

ಚೀಲ ಹೆಗಲಿಗೇರಿಸಿ ಹೊರಟಿದ್ದ ಕಾರವಾರದ ನಾಯಕನನ್ನು ತಡೆದು ನಿಲ್ಲಿಸಿದ. ಆ ಹುಡುಗ ವಿನಯದಿಂದಲೇ, ಸಂವಹನ ಎಂದರೆ ಎದುರಿನವರಿಗೂ ಮಾತನಾಡಲು ಬಿಡುವುದು ಎಂದ. ಇಷ್ಟಕ್ಕೆ ಬಿಟ್ಟಿದ್ದರೆ ಬಸ್ಸು ಸಿಗುತ್ತಿತ್ತು. ನ್ಯಾಯಬುದ್ಧಿಗೆ ಮೂರು ಕೊಟ್ಟವರು ಸಂವಹನಕ್ಕೆ ಒಂದು ಕೊಡಲು ಹೇಗೆ ಸಾಧ್ಯ, ನ್ಯಾಯ ಹೊರಬರುವುದು ಮಾತಿನಿಂದಲ್ಲವೇ ಎಂದು ಇವನು. ಮೀನು ಕೊಟ್ಟಿದ್ದಕ್ಕೆ ಮನೋಭಾವದಲ್ಲಿ ಒಂದು ಹೆಚ್ಚು ಹಾಕಿದ್ದೇವೆ, ಬೇಕಾದರೆ ಅದನ್ನು ತೆಗೆದು ಇಲ್ಲಿಗೆ ಹಾಕುತ್ತೇವೆ ಎಂದು ಅವನು. ಹಾಗಾದರೆ ಆ ಬಂಗಡೆ ಲಂಚವಾಯಿತು, ಅಂಕವನ್ನು ಮರಳಿ ಪಡೆಯಿರಿ ಎಂದು ಇವನು. ಮೀನನ್ನು ಮಧ್ಯಾಹ್ನವೇ ತಿಂದಾಯಿತು ಎಂದು ಅವನು. ಆ ಹುಡುಗನೂ ಮಾತಿನಲ್ಲಿ ಕಡಿಮೆಯವನಲ್ಲ ಎಂಬುದು ಆಗ ತಿಳಿಯಿತು, ಅವಕಾಶ ಸಿಕ್ಕಿರಲಿಲ್ಲ ಅಷ್ಟೇ. ನಾವು ಇಬ್ಬರನ್ನೂ ನಡುವೆ ಇಟ್ಟುಕೊಂಡು ಬಸ್ ನಿಲ್ದಾಣದವರೆಗೆ ತಂದೆವು. ಶಿರಸಿಯ ಬಸ್ಸು ಗೇಟು ದಾಟುತ್ತಿತ್ತು.

ಹುಬ್ಬಳ್ಳಿಯ ರಾತ್ರಿ ಬಸ್ಸು ಹತ್ತಿ, ಅರಬೈಲು ಘಟ್ಟ ಏರಿ, ಯಲ್ಲಾಪುರದಲ್ಲಿ ಇಳಿದಾಗ ಮಧ್ಯರಾತ್ರಿ ಮೀರಿತ್ತು. ಶಿರಸಿಗೆ ಬೆಳಗಿನ ಬಸ್ಸು. ಒಂಬತ್ತೂವರೆಗೆ ಕಿರುಪರೀಕ್ಷೆ, ಟಿಪ್ಪಣಿ ಪುಸ್ತಕ ಇನ್ನೂ ಒದ್ದೆ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಎಲ್ಲರೂ ಮುದುಡಿ ಕುಳಿತಿದ್ದೆವು, ಡಿಸ್ಕ್ ಇದ್ದ ಚೀಲವನ್ನು ಮಾತ್ರ ವಾಸನೆಗೆ ಹೆದರಿ ದೂರದಲ್ಲಿ ಇಟ್ಟಿದ್ದೆವು, ಅದನ್ನು ಎರಡು ಬೆಕ್ಕು ಕಾಯುತ್ತಿದ್ದವು. ಅರ್ಥಧಾರಿಗೆ ಆಗ ಹೊಳೆಯಿತು, ಆ ಹುಡುಗನಿಗೆ ಕೊಡಬೇಕಾಗಿದ್ದ ಸರಿಯಾದ ಉತ್ತರ. ಅವನು ಎದ್ದು ನಿಂತು ಶಲ್ಯ ಇಲ್ಲದ ಹೆಗಲನ್ನು ಸರಿಮಾಡಿಕೊಂಡ.

ನಾಯಕಿ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದಳು. “ಸ್ಟಾಲಿಂಗ್. ಒಂದು. ಎರಡು. ಮೂರು.”

ಹತ್ತರೊಳಗೆ ಮುಗಿಸುತ್ತೇನೆ ಎಂದು ಅವನು ಪೀಠಿಕೆ ಆರಂಭಿಸಿದ. ಆರಕ್ಕೆ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತು. ಎಣಿಕೆ ನಿಂತರೆ ಎಸೆಯುವವನಿಗೆ ಕಾಲಮಿತಿ ಇಲ್ಲ ಎಂದು ನಮಗೆಲ್ಲ ತಿಳಿಸಿ ಅವನು ಮುಂದುವರಿಸಿದ.